ಎರಡು ಲೋಕಲ್‌ಗಳ ನಡುವೆ

ಕಿಂಗ್ಸ್ ಸರ್ಕಲ್ ಸ್ಟೇಷನ್ನಿನ ಬೆನ್ನಿಗೆ ಅಂಟಿದ ಮನೆ.
ಹಳಿಯೂ ಕಿಟಕಿಯೂ ಒಂದೇ ಎತ್ತರ.
ಗೋರೆಗಾಂವ್ ಗಾಡಿ ಬಂದರೆ
ಮೊದಲು ನಡುಗುವುದು ಲೋಟದೊಳಗಿನ ಚಮಚ,
ಆಮೇಲೆ ಮೇಜು,
ಆಮೇಲೆ ಮೇಜಿನ ಮೇಲೆ ಮೂಗು ಕೆಳಗೆ ಮಾಡಿ ನಿಂತ
ನನ್ನ ಕ್ಯಾಮೆರಾ.

ಎದುರು ಮನೆಯ ವಾರಿಜಕ್ಕ
ಪರೇಲಿನ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಎಕ್ಸ್‌ರೇ ತೆಗೆದವರು.
ಗುಜರಿಗೆ ಹಾಕಿದ್ದ ಬೆಳಕಿನ ಪೆಟ್ಟಿಗೆಯನ್ನು
ನಿವೃತ್ತಿಯ ದಿನ ಟ್ಯಾಕ್ಸಿಯಲ್ಲಿ ತಂದರಂತೆ,
ಹಾರ ತುರಾಯಿ ಅಲ್ಲೇ ಬಿಟ್ಟು.
ಮುರಿದ ಮೂಳೆಗಳೆಷ್ಟೋ ಬೆಳಗಿದ ಆ ಹಾಲುಗಾಜಿನ ಮೇಲೆ
ಈಗ ಬೆಂಕಿಪೊಟ್ಟಣದಷ್ಟು ಸ್ಲೈಡು.

ಅದರೊಳಗಿನ ಟ್ಯೂಬ್‌ಲೈಟು
ನಮಗೆ ಕಾಣದಂತೆ ಮಿಟುಕುತ್ತದೆ;
ಅವಸರದ ಶಟರಿಗೆ ಪಟ್ಟೆ ಪಟ್ಟೆಯಾಗಿ ಸಿಕ್ಕಿಬೀಳುತ್ತದೆ.
ಅದಕ್ಕೇ ಕಾಲು ಸೆಕೆಂಡು ಕಣ್ಣು ತೆರೆದಿಡಬೇಕು.
ಆ ಕಾಲು ಸೆಕೆಂಡಿನಲ್ಲಿ ಲೋಕಲ್ ಬಂದರೆ
ಮುಖಕ್ಕೆ ಎರಡು ಮೂಗು.
ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದೇವೆ.
ಗಾಡಿ ತಡವಾದರೆ ಗೊಣಗುತ್ತೇವೆ,
ಎಲ್ಲಿಗೂ ಹೋಗದ ಪ್ರಯಾಣಿಕರು.

ಹೊಳೆಯುವ ಮೈ ಮೇಲೆ, ಮಂಕು ಮೈ ಕೆಳಗೆ;
ತಪ್ಪಿದರೆ ಅಂಗಡಿ ಬೋರ್ಡು ಉಲ್ಟಾ,
ಊರೆಲ್ಲ ಎಡಚರು.
ರಬ್ಬರ್ ಬಲ್ಬಿನಿಂದ ಧೂಳು ಊದುತ್ತೇನೆ.
"ಉಸಿರು ಹಿಡಿ" ಅನ್ನುತ್ತಾರೆ ವಾರಿಜಕ್ಕ.
ಮರಾಠಿಯಲ್ಲಿ, ಹಿಂದಿಯಲ್ಲಿ, ಅರೆಬರೆ ಗುಜರಾತಿಯಲ್ಲಿ
ಲಕ್ಷ ಎದೆಗಳಿಗೆ ಹೇಳಿದ ಮಾತು
ನನಗೆ ಮಾತ್ರ ಕನ್ನಡದಲ್ಲಿ.
ಹಿಡಿಯುತ್ತೇನೆ. ಕ್ಲಿಕ್.
"ಬಿಡು."

ರಟ್ಟಿನ ಅಂಚಿನಲ್ಲಿ ಪೆನ್ಸಿಲ್ ಅಕ್ಷರ.
ನಂಬರ್ ಮೂರು: ಚೌತಿ.
ನಂಬರ್ ಇಪ್ಪತ್ತೆಂಟು: ಮತ್ತೆ ಚೌತಿ.
ಮೂವತ್ತಾರರ ರೋಲು ವರ್ಷ ದಾಟಿಯೂ ಮುಗಿಯುತ್ತಿರಲಿಲ್ಲ.
ಇವತ್ತು ಬೆಳಿಗ್ಗೆ
ಬರೀ ಫೋಕಸ್ ಸರಿಯಿದೆಯೇ ನೋಡಲು
ನಾನು ಒತ್ತಿದ್ದು ನಲವತ್ತು.

ನಡುವೆ ಬೂಷ್ಟು ಹಿಡಿದದ್ದೂ ಉಂಟು;
ಮಲಬಾರ್ ಹಿಲ್ಲಿನ ಆಕಾಶದಲ್ಲಿ ಬೇರು ಬಿಟ್ಟು ಕವಲೊಡೆದಿದೆ.
ಅಳಿಸಲಾ, ಎಂದೆ.
"ಪುಪ್ಪುಸದಲ್ಲಿ ಇಂಥದ್ದು ಕಂಡಿದ್ದರೆ
ಓಡಿಹೋಗಿ ಡಾಕ್ಟರನ್ನು ಕರೀತಿದ್ದೆ.
ಆಕಾಶಕ್ಕೆ ಪರವಾಗಿಲ್ಲ ಬಿಡು."

ಬಣ್ಣದ್ದೇ ಜಗಳ.
ಮದುವೆ ಆಲ್ಬಮ್ಮಿನಲ್ಲಿ ವಧುವಿನ ಕೆನ್ನೆ ತಿದ್ದುವುದು ನನ್ನ ಕಸುಬು;
ಭಾವನ ಬೆವರು, ಬಡಿಸುವವನ ಎಣ್ಣೆಯಂಗಿ,
ಎಲ್ಲ ಒರೆಸಬಲ್ಲೆ.
ಇಲ್ಲಿ ಹಸಿರು ನೀಲಿ ಎರಡೂ ಊರು ಬಿಟ್ಟಿವೆ.
ಚೌಪಾಟಿಯ ಸಮುದ್ರ ಕೋಕಂ ಶರಬತ್ತು.
ಡಬಲ್ ಡೆಕರ್ ಬಸ್ಸು ಮಾತ್ರ ಇದ್ದ ಹಾಗೇ ಇದೆ.
ತಿದ್ದಿ ತೋರಿಸಿ ಕೇಳುತ್ತೇನೆ, ಸೀರೆ ಸರಿಯಾಯಿತಾ?
ಎಡಗಣ್ಣು ಮುಚ್ಚುತ್ತಾರೆ; ಆಪರೇಷನ್ ಆದದ್ದು ಬಲಗಣ್ಣು:
"ಬಿಳಿ."
ಬಲಗಣ್ಣು ಮುಚ್ಚುತ್ತಾರೆ; ಎಡಕ್ಕೆ ಪೊರೆ ಹಾಗೇ ಇದೆ:
"ಕೆನೆಬಣ್ಣ."
ಎರಡೂ ತೆರೆದು:
"ನೀನೇ ಏನಾದರೂ ಹಾಕು."

ಮೈಸೂರುಪಾಕಿನ ಡಬ್ಬಿಯ ತಳದಲ್ಲಿ ಒಂದು ಸ್ಲೈಡು,
ರಟ್ಟಿನ ಮೇಲೆ ಏನೂ ಬರೆದಿಲ್ಲ.
ಕ್ವಾರ್ಟರ್ಸಿನ ತಾರಸಿ, ಹಗ್ಗ, ಒಣಗದ ಚಾದರ,
ಚಾದರದ ಹಿಂದಿನಿಂದ ಆಗಷ್ಟೇ ಹೊರಬಂದ ಹೆಂಗಸು,
ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡೇ ನಗುತ್ತಿದ್ದಾಳೆ.
ಆಕಾಶದಿಂದ ಹಲ್ಲಿನವರೆಗೆ ಕೆಂಪೋ ಕೆಂಪು.
ತೆಗೆಯುವ ಮೊದಲೇ ಕೆಂಪು ಇಳಿಸಲು ಕೈ ಹಾಕಿದೆ.
"ಬೇಡ" ಅಂದರು.

"ಹೀರಾ ಕಾಂಬಳೆ. ಡಾರ್ಕ್‌ರೂಮಿನವಳು.
ನಾನು ತೆಗೆದದ್ದನ್ನೆಲ್ಲ ತೊಳೆದವಳು ಅವಳು.
ಒಳಗೆ ಒಂದೇ ದೀಪ, ಕೆಂಪು.
ಬಿಸಿಲಲ್ಲಿ ಅವಳ ಬಣ್ಣ ಏನು ಅಂತ
ನನಗೆ ಸರಿಯಾಗಿ ಗೊತ್ತಿಲ್ಲ.
ಹತ್ತೊಂಬತ್ತು ವರ್ಷ
ಹೀಗೇ ಇದ್ದಳು."

ಅಷ್ಟರಲ್ಲಿ ಗಾಡಿ ಬಂತು. ಚಮಚ, ಮೇಜು.
ಕ್ಯಾಮೆರಾದ ಪರದೆಯೊಳಗೆ ಹೀರಾ ತುಸು ಅಲುಗಿದಳು,
ಕ್ಲಿಪ್ಪು ಕಚ್ಚಿದ ಬಾಯಿ, ಚಾದರದ ಅಂಚು.
ಗಾಡಿ ಹೋಯಿತು.
ಗುಂಡಿಯ ಮೇಲೆ ಬೆರಳಿಟ್ಟು ಕಾದೆ.
ವಾರಿಜಕ್ಕ ಹಿಡಿ ಅನ್ನಲಿಲ್ಲ,
ಬಿಡು ಅನ್ನಲಿಲ್ಲ.
ಮುಂದಿನ ಗಾಡಿಗೆ ಇನ್ನೂ ಆರು ನಿಮಿಷ ಇತ್ತು.