ಎರಡನೇ ಪುಟ

ಚಿಲಿಯ ತೆಂಕಣ ದ್ವೀಪಗಳಿಗೆ
ತಿಂಗಳಿಗೊಮ್ಮೆ ಪುಸ್ತಕ ಹೊತ್ತು ಹೋಗುವ ದೋಣಿ ನಮ್ಮದು.
ಎಲೆಯುತೇರಿಯೊ ಚುಕ್ಕಾಣಿ ಹಿಡಿಯುತ್ತಾನೆ,
ನಾನು ಪೆಟ್ಟಿಗೆಗಳಿಗೆ ಟಾರ್ಪಾಲು ಬಿಗಿಯುತ್ತೇನೆ.
ಕಥೆಗೆ ಉಪ್ಪುನೀರು ಆಗಿಬರುವುದಿಲ್ಲ.

ಹಲಗೆಗಟ್ಟೆಯ ಮೇಲೆ ಕಾದಿದ್ದಳು ಮಿಲ್ಯಾರಾಯ್,
ಹದಿಮೂರರವಳು. ಹೋದ ಸಲದ್ದನ್ನು
ನನ್ನ ಮಡಿಲಿಗೆ ಎಸೆದಳು:
"ಇದರಲ್ಲೂ ಸತ್ತಳು."
ಯಾರೇ?
"ಅಮ್ಮ. ಎರಡನೇ ಪುಟದಲ್ಲೇ.
ಅಮ್ಮ ಸಾಯದೆ ಯಾವ ಹುಡುಗಿಗೂ
ಕತ್ತಿ ಸಿಗುವುದಿಲ್ಲವೇ, ಮಾಯದ ಬಾಗಿಲು ತೆರೆಯುವುದಿಲ್ಲವೇ?
ನನ್ನಮ್ಮ ಇದ್ದಾಳೆ. ಸಾಲ್ಮನ್ ಕಾರ್ಖಾನೆ, ರಾತ್ರಿ ಪಾಳಿ.
ಹಾಗಾದರೆ ನನಗೇನು ಡ್ರ್ಯಾಗನ್ ಬೇಡವೇ?"

ಇಪ್ಪತ್ತು ವರ್ಷದಿಂದ ಪುಸ್ತಕ ಆರಿಸಿಕೊಟ್ಟವಳು ನಾನು,
ಇವನಿಗೆ ಹಡಗಿನದು, ಅವಳಿಗೆ ಮಾಟಗಾತಿಯದು ಎಂದು
ಮುಖ ನೋಡಿಯೇ ಅಳೆದವಳು.
ಮೂರು ಪೆಟ್ಟಿಗೆ ತಡಕಿದೆ. ಅನಾಥರು, ಅನಾಥರು,
ತೊಟ್ಟಿಲಲ್ಲೇ ತಬ್ಬಲಿಯಾದ ಒಬ್ಬ ರಾಜಕುಮಾರ.
ಎಲೆಯುತೇರಿಯೊ ಗಡಿಯಾರ ನೋಡಿದ;
ನೀರು ಇಳಿಯುತ್ತಿತ್ತು.

ತಳದಲ್ಲಿ ಸಿಕ್ಕಿತೊಂದು, ದಪ್ಪನೆಯದು, ರಟ್ಟು ಹರಿದದ್ದು.
"ಇದರಲ್ಲಿ ಅಮ್ಮ ಇದ್ದಾಳೆ. ಬೈಯುತ್ತಾಳೆ ಕೂಡ.
ಡ್ರ್ಯಾಗನ್ ಮಾತ್ರ ಸ್ವಲ್ಪ ಚಿಕ್ಕದು."
"ಎಷ್ಟು ಚಿಕ್ಕದು?"
"ಮೀನಿನ ಕ್ರೇಟಿನಲ್ಲಿ ಮಲಗುವಷ್ಟು."
ಯೋಚಿಸಿದಳು. "ಪರವಾಗಿಲ್ಲ, ಬೆಳೆಯುತ್ತದೆ."

ಮುಂದಿನ ತಿಂಗಳು ಪುಸ್ತಕ ಮರಳಿಸಲಿಲ್ಲ,
ತೆರೆದು ತೋರಿಸಿದಳಷ್ಟೆ:
ಮುನ್ನೂರನೇ ಪುಟಕ್ಕೆ ಅವಳ ಗುರುತು, ಒಂದು ಕೋಳಿಗರಿ.
ಅಲ್ಲಿಂದ ನಲವತ್ತು ಪುಟ ಆಚೆ,
ಕಾರ್ಖಾನೆಯವರು ತಲೆಗೆ ತೊಡುವ ನೀಲಿ ಬಲೆ,
ಮಡಚಿದ್ದು, ಮೀನಿನ ವಾಸನೆಯದು.

"ನನಗಾಗಿ ಕಾಯುವುದೇ ಇಲ್ಲ ಅವಳು," ಎಂದಳು.