ಬಾಕಿ ಚಿಲ್ಲರೆ

ಸೋಗಾನೆಯಿಂದ ಗೋವಾಕ್ಕೆ
ಗಾಳಿಯ ಲೆಕ್ಕದಲ್ಲಿ ಇನ್ನೂರೆಂಬತ್ತು ಕಿಲೋಮೀಟರು,
ಒಂದು ಗಂಟೆ ಐದು ನಿಮಿಷ, ಎಂದಳು ಕೌಂಟರಿನ ಹುಡುಗಿ.
ಸ್ಟೇಜು ಎಷ್ಟಮ್ಮ? ಅಂದೆ.
ಅವಳಿಗೆ ಅರ್ಥವಾಗಲಿಲ್ಲ. ನಕ್ಕಳು.
ನನ್ನ ಚೀಲಕ್ಕೊಂದು ಪಟ್ಟಿ ಕಟ್ಟಿದಳು,
ಲಗೇಜು ಟಿಕೆಟ್ಟು ಕೇಳದೆ.

ಹತ್ತೊಂಬತ್ತು ವರ್ಷ ಆ ದಾರಿಯ ಟಿಕೆಟ್ಟು ಹರಿದವಳು
ನಾನು, ಗುತ್ಯಮ್ಮ.
ಬಿಲ್ಲೆ ನಂಬರು ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲೆ.
ಬೆಳಿಗ್ಗೆ ಆರೂಕಾಲಿನ ಗಾಡಿ:
ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ,
ಮಾವಿನಗುಂಡಿಯಲ್ಲಿ ವಾಂತಿಯವರಿಗೆ ಕಿಟಕಿ ಸೀಟು.
ಮಲೆಮನೆ ಘಟ್ಟದ ತಿರುವಿಗೆ
ಡ್ರೈವರ್ ರುಜಾರ್ ಮಾಮ ಎರಡನೇ ಗೇರು ಹಾಕಿ
ಕೊರಳ ಶಿಲುಬೆ ಮುಟ್ಟಿಕೊಳ್ಳುತ್ತಿದ್ದ,
ನಾನು ಚಂದ್ರಗುತ್ತಿಯ ತಾಯಿಯನ್ನು ಕರೆಯುತ್ತಿದ್ದೆ;
ಅಲ್ಲಿಗೆ ಇಬ್ಬರ ದೇವರೂ ಡ್ಯೂಟಿಗೆ ಹಾಜರು.
ಹೊನ್ನಾವರದಲ್ಲಿ ಹದಿನೈದು ನಿಮಿಷ ಚಹಾ.
ಮಾಪುಸಾ ಮುಟ್ಟುವಾಗ ಸಂಜೆ ಐದು.
ಹತ್ತೂಮುಕ್ಕಾಲು ಗಂಟೆ, ಟೈರು ಕೈಕೊಡದಿದ್ದರೆ.

ಮೊನ್ನೆ ಅವನ ಮಗಳು ಸೆವ್ರಿನ್ ಫೋನು ಮಾಡಿದಳು:
ಅಪ್ಪ ಆಸ್ಪತ್ರೆಯಲ್ಲಿ, ಮಾತು ಮುಕ್ಕಾಲು ಹೋಗಿದೆ,
ನಿಮ್ಮ ಹೆಸರು ಮಾತ್ರ ಪೂರ್ತಿ ಬರುತ್ತೆ.
ಬಸ್ಸಿಗೆ ಮನಸ್ಸು ತಡೆಯಲಿಲ್ಲ.
ಪಾಸು ಇದ್ದೂ ಕಾಸು ಕೊಟ್ಟು
ವಿಮಾನ ಹತ್ತಿದೆ.

ರೆಕ್ಕೆಯ ಫ್ಯಾನು ತಿರುಗಿತು.
ರೈಟ್ ಅನ್ನುವುದು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.
ತುಂಗೆ ಒಂದು ಸಲ ಮಿಂಚಿದಳು, ಆಮೇಲೆ ಬರೀ ಮೋಡ.
ಕೆಳಗೆ ಯಾವೂರು ಎಂದು ಪಕ್ಕದವರನ್ನು ಕೇಳಿದರೆ
ಅವರೂ ತಲೆಯಾಡಿಸಿದರು.
ಹಕ್ಕಿಯ ಗೆರೆ ನಮ್ಮ ಗಾಡಿಯ ಗೆರೆಯಲ್ಲ,
ಹೊನ್ನಾವರ ಎಡಗಡೆ ಎಲ್ಲೋ ಉಳಿದುಹೋಯಿತು.
ಗೇರುಸೊಪ್ಪೆಯಲ್ಲಿ ಕೈ ಅಡ್ಡ ಹಿಡಿದು ನಿಂತವರು
ಇನ್ನೂ ನಿಂತೇ ಇದ್ದಾರೆ ಅನ್ನಿಸಿತು.
ನಿಲ್ಲಿಸದೆ ಹೋದೆನೇ?
ಮೆಮೊ ಬರುವ ತಪ್ಪು ಅದು.
ನೀರಿನ ಬಾಟ್ಲಿ ಕೊಟ್ಟರು,
ಮುಚ್ಚಳ ತಿರುವುವುದರೊಳಗೆ
ಇಳಿಯುತ್ತಿದ್ದೇವೆ ಎಂದರು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವ ಗಡಿಯಾರ ತೋರಿಸಿದ:
ನೋಡಲು ಬಿಡುವುದು ನಾಲ್ಕಕ್ಕೆ.
ಆಗಿನ್ನೂ ಹನ್ನೆರಡೂವರೆ.
ಒಂದು ಗಂಟೆಯಲ್ಲಿ ಹಾರಿ ಬಂದವಳು
ಮೂರೂವರೆ ಗಂಟೆ ಬೆಂಚಿನ ಮೇಲೆ ಕೂತೆ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ಬಾಕಿ ಬರೆದುಕೊಡುತ್ತಿದ್ದೆ.
ಇಳಿಯುವಾಗ ಜಗಳಾಡಿ ಪಡೆದವರಿದ್ದರು,
ಮಗುವನ್ನೋ ಮೀನಿನ ಬುಟ್ಟಿಯನ್ನೋ ಎತ್ತುವ ಗಡಿಬಿಡಿಯಲ್ಲಿ
ಮರೆತು ಇಳಿದವರು ಅದಕ್ಕಿಂತ ಹೆಚ್ಚು.
ಅವರ ಎಂಟಾಣೆ ಒಂದು ರೂಪಾಯಿ
ಎಷ್ಟೋ ರಾತ್ರಿ ನನ್ನ ತಲೆದಿಂಬಿನಡಿ ಕುಲುಕಿದ್ದುಂಟು.
ಬೋರ್ಡಿಂಗ್ ಪಾಸು ತಿರುಗಿಸಿ ಬರೆದೆ:
ಬಾಕಿ, ಒಂಬತ್ತು ಗಂಟೆ ನಲವತ್ತು ನಿಮಿಷ.
ಸಹಿ ಹಾಕಿದೆ, ಅಭ್ಯಾಸ.
ಕೊಡಬೇಕಾದ್ದು ನಾನೋ, ಪಡೆಯಬೇಕಾದ್ದೋ,
ಅಷ್ಟು ಬಗೆಹರಿಯಲಿಲ್ಲ.

ನಾಲ್ಕಕ್ಕೆ ಒಳಗೆ ಬಿಟ್ಟರು.
ಹೊದಿಕೆಯ ಮೇಲೆ ಅವನ ಎಡಗೈ
ಇಲ್ಲದ ಗೇರಿನ ಗುಂಡನ್ನು ಹಿಡಿದು ಮಲಗಿತ್ತು.
ಕಣ್ಣು ತೆರೆದ. ನೋಡಿದ.
ಬಹಳ ಹೊತ್ತು ಒಳಗೆಲ್ಲ ತಡಕಾಡಿ
ಒಂದೊಂದೇ ಮಾತು ಎತ್ತಿ ತಂದ:
ಗುತ್ಯಮ್ಮ... ಹೊನ್ನಾವರದಲ್ಲಿ... ಚಹಾ?

ಕುಡಿದೆ ಮಾಮ, ಅಂದೆ.
ಸಕ್ಕರೆ ಜಾಸ್ತಿ ಹಾಕಿದ್ದ.