ಆರು ಇಂಚು

ನಮ್ಮಪ್ಪನ ಬಾಯಲ್ಲಿ ಅದು ತಾಬೇರಿ.
ರಿಚ್ಮಂಡ್ ಟೌನಿನ ಬಂಗಲೆಯಲ್ಲಿ ಮಾಲಿ ಅವನು.
ಒಡತಿ ಮಿಸ್ ಲ್ಯಾಂಬರ್ಟ್, ಪಿಯಾನೋ ಕಲಿಸುವಾಕೆ,
ಎಷ್ಟು ಸಲ ತಿದ್ದಿದಳೋ,
ಕೊನೆಗೆ ಅವಳೂ ತಾಬೇರಿ ಅಂದಳಂತೆ.

ಬಂಗಲೆ ಕೆಡವಿದ ದಿನ
ಅಪ್ಪ ಊಟದ ಡಬ್ಬಿಯಲ್ಲಿ ತಂದದ್ದು ಮೂರು ಗಿಡ,
ಒದ್ದೆ ಗೋಣಿಯಲ್ಲಿ ಸುತ್ತಿ.
ಎರಡು ಹೋದವು. ಉಳಿದೊಂದರ ಮರಿಯ ಮರಿಯ ಮರಿ
ಈಗ ಕಗ್ಗದಾಸಪುರದಲ್ಲಿ, ನನ್ನ ತಾರಸಿಯ ಮೇಲೆ,
ಪೇಂಟ್ ಬಕೆಟ್ಟುಗಳಲ್ಲಿ.

ನಾನು ಎಚ್‌ಎಎಲ್‌ನಲ್ಲಿ ಮೂವತ್ತಾರು ವರ್ಷ ಫಿಟ್ಟರು,
ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸು ಕಳಿಸಿದವನು.
ಚಟ ಬಿಡಲಿಲ್ಲ, ವರ್ನಿಯರ್ ಹಿಡಿದು ಅಳೆದೆ:
ಹದಿನಾಲ್ಕು ಮಿಲಿಮೀಟರು, ಹೆಚ್ಚೆಂದರೆ ಹದಿನೇಳು.
ಒಂದು ಮೂಗಿನಂತೆ ಸೊಟ್ಟ, ಒಂದು ಅಂಗಿಯ ಗುಂಡಿಯಷ್ಟು.
ಕಾರ್ಖಾನೆಯಲ್ಲಾಗಿದ್ದರೆ ಎಲ್ಲಕ್ಕೂ ಕೆಂಪು ಚೀಟಿ.

ಅಂಗಡಿಯ ಡಬ್ಬಿಯಲ್ಲಿ ಸಾಲಾಗಿ ಮಲಗಿರುತ್ತವಲ್ಲ,
ಲಾರಿಯೇರಿ ಬಂದವು, ಅವು ವಾರ ಬಾಳುತ್ತವೆ.
ಇದು ಬೆಳಿಗ್ಗೆ ಕಿತ್ತರೆ ಮಧ್ಯಾಹ್ನಕ್ಕೆ ಬೆವರುತ್ತದೆ,
ಸಂಜೆಗೆ ಬರೀ ರಸ.
ಮಾರಲಾಗದು, ಪೊಟ್ಟಣ ಕಟ್ಟಿ ಕಳಿಸಲಾಗದು,
ಗಿಡದ ಬಳಿಗೆ ಬಂದವರ ಬಾಯಿಗಷ್ಟೇ.

ಮುನಿರತ್ನ ಮೊದಲು ಸೀಕರಣೆ ಮಾಡಹೊರಟಳು.
ಹಾಲು ಒಡೆಯಿತು. ಪಾತ್ರೆಗೆ ಬಗ್ಗಿ ಇಬ್ಬರೂ ನೋಡಿದೆವು,
ತಪ್ಪು ಹಾಲಿನದೋ ಹಣ್ಣಿನದೋ ಎಂದು.
ಈಗ ತೆಂಗಿನ ಹಾಲು, ಬೆಲ್ಲ, ಒಂದೇ ಏಲಕ್ಕಿ,
ನೆನೆದ ಅವಲಕ್ಕಿಯ ಮೇಲೆ.
ಹುಳಿ ಬಿಡದವು ಗೊಜ್ಜಿಗೆ, ಸಾಸಿವೆ ಒಗ್ಗರಣೆ.
ದೋಸೆಗೆ ಹಚ್ಚಿಕೊಂಡ ಬೀಗರು
ಇದು ಯಾವ ಟೊಮ್ಯಾಟೊ ಅಂದರು.
ನಾವು ಹೇಳಲಿಲ್ಲ.

ದಸರಾ ಕಳೆದು ನೆಡು, ಅನ್ನುತ್ತಿದ್ದ ಅಪ್ಪ,
ನೆತ್ತಿ ಮುಚ್ಚಬೇಡ, ಅಲ್ಲಿಂದಲೇ ಅದರ ಉಸಿರು.
ಬೋರ್‌ವೆಲ್ ನೀರಿಗೆ ಎಲೆಯಂಚು ಸುಟ್ಟ ಕಾಗದ;
ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರೇ ಆಗಬೇಕು, ಲೋಟದ ಲೆಕ್ಕ.
ಹಣ್ಣು ಮಣ್ಣು ಮುಟ್ಟಬಾರದು, ಅಡಿಗೆ ಹುಲ್ಲು:
ಮಾವಿನ ಪೆಟ್ಟಿಗೆಯಲ್ಲಿ ಬಂದದ್ದನ್ನು ವರ್ಷವಿಡೀ ಕಾಪಿಡುತ್ತೇನೆ.
ರಾತ್ರಿ ಟಾರ್ಚು ಹಿಡಿದು ಬಸವನಹುಳು ಹೆಕ್ಕುತ್ತೇನೆ.
ಪಿಕಳಾರದ ಪಾಲು ಇದ್ದೇ ಇದೆ, ಅದು ಕೇಳಿ ತಿನ್ನುವುದಿಲ್ಲ.

ಕೃಷಿ ಕಾಲೇಜಿನ ಹುಡುಗಿಯೊಬ್ಬಳು ಬಂದಿದ್ದಳು,
ತಳಿಯ ಹೆಸರು ಬೇಕು ಸಾರ್, ಖಾನೆ ತುಂಬಬೇಕು.
ಅಪ್ಪ ಬಿಟ್ಟುಹೋದದ್ದು ಒಂದೇ ಹೆಸರು. ಬರೆಸಿದೆ.

ಪಕ್ಕದ ಮನೆಯ ವರದರಾಜು ಮೇಲೆ
ಹನ್ನೊಂದು ವರ್ಷದಿಂದ ಕೇಸು.
ಅವನ ಗೋಡೆ ನನ್ನ ಸೈಟಿನೊಳಗೆ ಆರು ಇಂಚು.
ಅವನನ್ನು ಕೇಳಿದರೆ, ನನ್ನದು ಅವನದರೊಳಗೆ.
ಸರ್ವೆಯವರು ಎರಡು ಸಲ ಅಳೆದರು,
ಎರಡು ಉತ್ತರ ಬಂತು.
ಅಷ್ಟರಲ್ಲಿ ವಕೀಲರ ಮನೆ ಮೂರು ಮಹಡಿಯಾಯಿತು.

ಹೋದ ಬೇಸಿಗೆಯಲ್ಲಿ ಒಂದು ಹಂಬು
ಬಕೆಟ್ಟಿನಂಚು ದಾಟಿ, ಪ್ಯಾರಪೆಟ್ಟು ಹತ್ತಿ,
ಆಚೆ ಇಳಿದು, ಅವನ ಎಸಿ ತೊಟ್ಟಿಕ್ಕುವ ಮೂಲೆಯಲ್ಲಿ
ಗಾಳಿ ತಂದ ಮಣ್ಣಿಗೆ ಬೇರು ಬಿಟ್ಟಿತು.
ಕಣ್ಣಲ್ಲೇ ಅಳೆದೆ: ಆರು ಇಂಚಿಗೂ ಹೆಚ್ಚು.
ಒತ್ತುವರಿ, ಅನುಮಾನವಿಲ್ಲ.

ಕತ್ತರಿ ಹಿಡಿದು ನಿಂತೆ.
ಕತ್ತರಿಸಿದರೆ ಮರಿ ಅವನದು.
ಬಿಟ್ಟರೆ ನನ್ನ ಬಕೆಟ್ಟಿನ ನೀರು ಕುಡಿದು
ಅವನ ಕಡೆ ಬೆಳೆಯುತ್ತದೆ.
ಇದಕ್ಕೆ ಯಾವ ಸೆಕ್ಷನ್ನು?
ಕತ್ತರಿ ಜೇಬಿಗಿಟ್ಟು ಕೆಳಗಿಳಿದೆ.

ಮಳೆಗಾಲ ಹೋಯಿತು, ಎರಡು ವಾಯಿದೆ ಹೋದವು.
ಕೋರ್ಟಿನ ಕಾರಿಡಾರಿನಲ್ಲಿ ಒಂದೇ ಬೆಂಚು,
ಅವನು ಆ ತುದಿ, ನಾನು ಈ ತುದಿ.
ಗಿಡದ ಸುದ್ದಿ ಅವನೂ ಎತ್ತಲಿಲ್ಲ.

ಸಂಕ್ರಾಂತಿಯ ಮರುದಿನ
ಟ್ಯಾಂಕು ನೋಡುವ ನೆಪದಲ್ಲಿ ಇಣುಕಿದೆ.
ಆಚೆ ಒಂದು ಹಣ್ಣು, ಅರ್ಧ ಕೆಂಪು.
ಅಡಿಯಲ್ಲಿ, ಮಣ್ಣು ತಾಕದಂತೆ,
ಪೊರಕೆಯ ನಾಲ್ಕು ಕಡ್ಡಿ ಮುರಿದು
ಯಾರೋ ಅಡ್ಡಡ್ಡ ಇಟ್ಟಿದ್ದರು.
ಒಂದರ ಉದ್ದ ಇನ್ನೊಂದಕ್ಕಿಲ್ಲ.